ಆಲೂಗಡ್ಡೆ ಕೊಳೀತಿದ್ಯಾ? ಔಷಧಿ ತರೋಕೆ ಮುಂಚೆ ಮೊದಲು ಬಂದೋರ್ಯಾರು ಅಂತ ನೋಡ್ಕೊಳ್ಳಿ

ನಮ್ಮ ಹಾಸನದ ಕಡೆ ಆಲೂಗಡ್ಡೆ ಬೆಳೆಯೋರಿಗೆ ಈ ವಾಸನೆ ಚೆನ್ನಾಗಿ ಗೊತ್ತಿರುತ್ತೆ. ಗಡ್ಡೆ ಕಿತ್ತು ಕೊಟ್ಟಿಗೆ ಮೂಲೇಲಿ ರಾಶಿ ಹಾಕಿ ನಾಲ್ಕು ದಿನ ಆಗಿರಲ್ಲ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕೊಳೆತ ಮೀನಿನ ಥರ ಒಂದು ಗಬ್ಬು ಮೂಗಿಗೆ ಹೊಡಿಯುತ್ತೆ, ಮೇಲಿಂದ ನೋಡಿದ್ರೆ ಎಲ್ಲ ಗಡ್ಡೆನೂ ನೆಟ್ಟಗೇ ಇದ್ದಂಗೆ ಕಾಣುತ್ತೆ, ಎತ್ತೋಕೆ ಹೋದ್ರೆ ಮಾತ್ರ ಬೆರಳು ಸಿಪ್ಪೆ ಒಳಗೇ ಹೋಗ್ಬಿಡುತ್ತೆ. ಒಳಗೆ ಎಲ್ಲ ಲೊಳಲೊಳ. ಕೈ ಎಷ್ಟು ತೊಳೆದ್ರೂ ಮಧ್ಯಾಹ್ನ ಊಟ ಮಾಡೋವಾಗ ಆ ವಾಸನೆ ಹೋಗಿರಲ್ಲ.

ಕೆಲವು ವರ್ಷದ ಹಿಂದೆ ನಮಗೂ ಹೀಗೇ ಆಯ್ತು. ಪುಷ್ಯ ಮಳೆ ಬಿಡದೆ ಸೋನೆ ಹಿಡಿದಿತ್ತು, ಎಲೆ ಮೇಲೆ ಅಂಗಮಾರಿ ಬಂತು, ಎರಡು ಸಲ ಔಷಧಿ ಹೊಡೆದ್ವಿ, ಗಿಡ ಹೇಗೋ ತಡ್ಕೊಂಡ್ತು, ಸದ್ಯ ಉಳೀತಪ್ಪಾ ಅಂದ್ಕೊಂಡ್ವಿ. ಕಿತ್ತ ಮೇಲೆ ರಾಶಿಯಲ್ಲಿ ಕೊಳೆ ಶುರು. ಔಷಧಿ ಅಂಗಡಿಯವನು ಗಡ್ಡೆ ಮುಟ್ಟಿ ಕೂಡ ನೋಡ್ಲಿಲ್ಲ, "ಫಂಗಸ್ ಸಾರ್" ಅಂತ ಒಂದು ಪ್ಯಾಕೆಟ್ ಕೊಟ್ಟು ನೀರಲ್ಲಿ ಕಲಸಿ ರಾಶಿ ಮೇಲೆ ಚಿಮುಕಿಸಿ ಅಂದ. ನಾವೂ ಚಿಮುಕಿಸಿದ್ವಿ ನೋಡಿ! ಆ ನೀರೇ ಉಳಿದಿದ್ದ ಗಡ್ಡೆಗೂ ಕೊಳೆ ಹತ್ತಿಸ್ತು. ಅರ್ಧಕ್ಕರ್ಧ ಚೆಲ್ಲಿದ್ವಿ.

ಆಮೇಲೆ ಅವರಿವರನ್ನ ಕೇಳಿ, ಓದಿ, ನಮ್ಮ ಹೊಲದಲ್ಲೇ ನೋಡಿ ತಿಳ್ಕೊಂಡಿದ್ದು ಏನಪ್ಪಾ ಅಂದ್ರೆ, ಆಲೂಗಡ್ಡೆಗೆ ರೋಗ ಒಂಟಿಯಾಗಿ ಬರೋದು ಕಮ್ಮಿ. ಒಬ್ಬ ಬಾಗಿಲು ಒಡೀತಾನೆ, ಇನ್ನೊಬ್ಬ ಒಳಗೆ ಬಂದು ಮನೆ ಖಾಲಿ ಮಾಡ್ತಾನೆ. ಬಾಗಿಲು ಒಡೆಯೋದು ಹೆಚ್ಚಾಗಿ ಬೂಷ್ಟಿನ ಜಾತಿ ಅಂದ್ರೆ ಶಿಲೀಂಧ್ರ, ಒಳಗೆ ನುಗ್ಗೋದು ದುಂಡಾಣು, ಅದೇ ಬ್ಯಾಕ್ಟೀರಿಯಾ. ಕೆಲವು ಸಲ ಉಲ್ಟಾನೂ ಆಗುತ್ತೆ. ನಮ್ಮ ಕಣ್ಣಿಗೆ ಬೀಳೋದು, ಮೂಗಿಗೆ ಬಡಿಯೋದು ಕೊನೇಲಿ ಬಂದವನು, ದುಡ್ಡು ಸುರಿಯೋದೂ ಅವನ ಮೇಲೇನೇ. ಮೊದಲು ಬಂದವನನ್ನ ತಡೆಯೋದು ಹೇಗೆ ಅಂತ ಹೇಳೋಕೇ ಇದನ್ನ ಬರೀತಿರೋದು.

ಯಾರು ಯಾರು ಅಂತ ಮೊದಲು ಗೊತ್ತಿರಲಿ

ನಮ್ಮ ಕಡೆ ಅಂಗಮಾರಿ ಅಂತ ಒಂದೇ ಹೆಸರಲ್ಲಿ ಎರಡು ರೋಗ ಕರೀತಾರೆ, ಅಲ್ಲೇ ಅರ್ಧ ಎಡವಟ್ಟು. ಮುಂಚಿತ ಅಂಗಮಾರಿ ಆಲ್ಟರ್ನೇರಿಯಾ ಅನ್ನೋ ನಿಜವಾದ ಶಿಲೀಂಧ್ರದಿಂದ ಬರೋದು, ಕೆಳಗಿನ ಹಳೇ ಎಲೆ ಮೇಲೆ ಒಣಗಿದ ಕಂದು ಚುಕ್ಕೆ, ಚುಕ್ಕೆ ಒಳಗೆ ಮರ ಕುಯ್ದಾಗ ಕಾಣೋ ಉಂಗುರದ ಥರ ಗೆರೆ ಇರುತ್ತೆ. ಇದು ನಿಧಾನ, ಇದರಿಂದ ಬೆಳೆಗೆ ಬೆಳೆಯೇ ಹೋಗಿದ್ದು ನಾನಂತೂ ನೋಡಿಲ್ಲ. ಕೊನೆ ಅಂಗಮಾರಿ ಹಾಗಲ್ಲ, ನೀರಲ್ಲಿ ನೆನೆದಂಗೆ ಕಪ್ಪು ಮಚ್ಚೆ ಬಂದು ಮೋಡ ಕವಿದ ವಾರದಲ್ಲಿ ಹೊಲಕ್ಕೆ ಹೊಲ ಸುಟ್ಟು ಹಾಕುತ್ತೆ. ಅದನ್ನ ತರೋ ಫೈಟಾಫ್ತೊರಾ ಇನ್ಫೆಸ್ಟಾನ್ಸ್ ನೋಡೋಕೆ ಬೂಷ್ಟಿನ ಥರಾನೇ ಇದ್ರೂ ಶಿಲೀಂಧ್ರ ಅಲ್ಲವೇ ಅಲ್ಲ. ಪಾಚಿಗೆ ಹತ್ತಿರದ ನೆಂಟ, ನೀರಲ್ಲಿ ಈಜೋ ಬೀಜಾಣು ಬಿಡುತ್ತೆ. ಇದನ್ನ ತಿಳ್ಕೊಂಡು ನಮಗೇನಾಗ್ಬೇಕು ಅಂತೀರಾ? ಕಾರ್ಬೆಂಡಜಿಮ್ ಇದಕ್ಕೆ ನಾಟೋದೇ ಇಲ್ಲ ಕಣ್ರೀ. ಶಿಲೀಂಧ್ರನಾಶಕ ಅಂತ ಪ್ಯಾಕೆಟ್ ಮೇಲೆ ಬರ್ದಿದೆ ಅಂತ ಕೊನೆ ಅಂಗಮಾರಿಗೆ ಅದನ್ನ ಹೊಡೆದ್ರೆ ನೀರು ಹೊಡೆದಂಗೇ.

ಇದಕ್ಕೆ ಉಲ್ಟಾ ಒಂದಿದೆ. ಗಡ್ಡೆ ಸಿಪ್ಪೆ ಮೇಲೆ ಒರಟು ಕಜ್ಜಿ ಬರುತ್ತಲ್ಲ, ಅದನ್ನ ಮಾಡೋ ಸ್ಟ್ರೆಪ್ಟೋಮೈಸಿಸ್ ಬೂಷ್ಟಿನ ಥರ ಎಳೆ ಎಳೆಯಾಗಿ ಬೆಳೆದ್ರೂ ಅದು ಬ್ಯಾಕ್ಟೀರಿಯಾ. ಸುಣ್ಣ ಜಾಸ್ತಿ ಇರೋ ಮಣ್ಣಲ್ಲಿ, ಗಡ್ಡೆ ಕಟ್ಟೋ ಹೊತ್ತಿಗೆ ನೆಲ ಒಣಗಿದ್ರೆ ಅದಕ್ಕೆ ಹಬ್ಬ. ಹಾಗಾಗಿ ಕಜ್ಜಿ ಇರೋ ಹೊಲಕ್ಕೆ ಯಾರೋ ಹೇಳಿದ್ರು ಅಂತ ಸುಣ್ಣ ಚೆಲ್ಲಬೇಡಿ.

ಉಳಿದವರನ್ನ ಬೇಗ ಹೇಳ್ತೀನಿ. ಫ್ಯುಸೇರಿಯಂ ಶಿಲೀಂಧ್ರ, ಗಾಯ ಇರೋ ಗಡ್ಡೆಗೆ ಒಣ ಕೊಳೆ ತರುತ್ತೆ, ಸಿಪ್ಪೆ ಸುಕ್ಕಾಗಿ ಒಳಗೆ ಟೊಳ್ಳಾಗಿ ಬಿಳಿ ಇಲ್ಲಾ ಗುಲಾಬಿ ಬೂಷ್ಟು ತುಂಬಿರುತ್ತೆ. ರೈಜೋಕ್ಟೋನಿಯಾನೂ ಶಿಲೀಂಧ್ರ, ಗಡ್ಡೆ ಮೇಲೆ ತೊಳೆದ್ರೂ ಹೋಗದ ಕರೀ ಮಣ್ಣಿನ ಥರ ಅಂಟ್ಕೊಂಡಿರುತ್ತೆ. ದುಂಡಾಣುಗಳಲ್ಲಿ ಮುಖ್ಯವಾಗಿ ಇಬ್ಬರು, ಸೊರಗು ರೋಗದ ರಾಲ್ಸ್ಟೋನಿಯಾ, ಮೆತ್ತನೆ ಕೊಳೆಯ ಪೆಕ್ಟೋಬ್ಯಾಕ್ಟೀರಿಯಂ. ಆ ಗಬ್ಬು ವಾಸನೆ ಶುರುವಾಗೋದು ಈ ಎರಡನೇಯವನಿಂದ.

ಮನೇಲೇ ಮಾಡೋ ಪರೀಕ್ಷೆ

ಲ್ಯಾಬು ಬೇಡ, ದುಡ್ಡೂ ಬೇಡ. ಗಿಡ ಹಸಿರಾಗಿರೋವಾಗಲೇ ಮಧ್ಯಾಹ್ನ ಬಾಡಿ ಸಂಜೆ ಚೇತರಿಸ್ಕೊಂಡು ಎರಡು ಮೂರು ದಿನದಲ್ಲಿ ಪೂರ್ತಿ ತಲೆ ಹಾಕ್ತು ಅಂದ್ರೆ ಬುಡದಿಂದ ನಾಲ್ಕು ಬೆರಳು ಉದ್ದ ಕಾಂಡ ಕುಯ್ದು, ಗಾಜಿನ ಲೋಟದಲ್ಲಿ ತಿಳಿ ನೀರು ತಗೊಂಡು, ಕುಯ್ದ ತುದಿ ನೀರಿಗೆ ಸ್ವಲ್ಪ ತಾಗೋ ಹಾಗೆ ಹಿಡ್ಕೊಳ್ಳಿ. ಅಲ್ಲಾಡಿಸಬೇಡಿ, ಬೆಳಕಿಗೆ ಎದುರಾಗಿ ಹಿಡೀರಿ. ಐದು ನಿಮಿಷದ ಒಳಗೆ ಕಾಂಡದ ತುದಿಯಿಂದ ಹಾಲಿನ ಬಣ್ಣದ ಸಣ್ಣ ದಾರ ನೀರೊಳಗೆ ಇಳಿಯುತ್ತೆ, ಊದಿನಕಡ್ಡಿ ಹೊಗೆ ತಲೆಕೆಳಗಾಗಿ ಇಳಿದಂಗೆ. ಅದು ರಾಲ್ಸ್ಟೋನಿಯಾ. ಆ ಒಂದೊಂದು ದಾರದಲ್ಲೂ ಕೋಟಿಗಟ್ಟಲೆ ದುಂಡಾಣು. ದಾರ ಬರ್ಲಿಲ್ಲ, ಕೆಳಗಿನ ಎಲೆ ಮೊದಲು ಹಳದಿಯಾಗಿ ನಿಧಾನಕ್ಕೆ ಬಾಡ್ತಾ ಬಂತು ಅಂದ್ರೆ ಫ್ಯುಸೇರಿಯಂ ಥರದ ಶಿಲೀಂಧ್ರದ ಸೊರಗು ಇರಬಹುದು. ನಾನು ಮೊದಲನೇ ಸಲ ಇದನ್ನ ಮಾಡಿದಾಗ ಅಮ್ಮ ಅಡುಗೆಮನೆ ಲೋಟ ತಗೊಂಡೋಗಿದ್ದಕ್ಕೆ ಬೈದಿದ್ದು ಇನ್ನೂ ನೆನಪಿದೆ, ಹಳೇ ಲೋಟ ಒಂದನ್ನ ಇದಕ್ಕೇ ಅಂತ ಇಟ್ಟುಬಿಡಿ.

ಎಲೆ ಮಚ್ಚೆಗೆ ಬೆಳಿಗ್ಗೆ ಇಬ್ಬನಿ ಆರೋಕೆ ಮುಂಚೆ ಹೋಗಿ. ಮಚ್ಚೆ ಇರೋ ಎಲೆ ಮಗುಚಿ ನೋಡಿದ್ರೆ ಕಪ್ಪು ಭಾಗದ ಅಂಚಿನ ಸುತ್ತ ತೆಳ್ಳಗೆ ಬಿಳೀ ಪುಡಿ ಥರ ಕಂಡ್ರೆ ಕೊನೆ ಅಂಗಮಾರಿ. ಬಿಸಿಲು ಬಂದ ಮೇಲೆ ಹೋದ್ರೆ ಅದು ಕಾಣಲ್ಲ. ಅನುಮಾನ ಇದ್ರೆ ಆ ಎಲೆನ ಒದ್ದೆ ಪೇಪರ್ ತುಂಡಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಯಿ ಕಟ್ಟಿ ರಾತ್ರಿ ತಂಪಲ್ಲಿಡಿ, ಬೆಳಿಗ್ಗೆ ಹೊತ್ತಿಗೆ ಬಿಳೀ ಬೂಷ್ಟು ಎದ್ದಿರುತ್ತೆ.

ಗಡ್ಡೆಗೆ ಚಾಕು ಹಾಕಿ. ಸಿಪ್ಪೆ ಕೆಳಗೆ ತುಕ್ಕಿನ ಬಣ್ಣ, ಗಟ್ಟಿ, ಒಣ, ವಾಸನೆ ಇಲ್ಲ ಅಂದ್ರೆ ಅದು ಅಂಗಮಾರಿ ಗಡ್ಡೆಗೆ ಇಳಿದಿರೋದು. ಕುಯ್ದ ಗಡ್ಡೆ ಒತ್ತಿದ್ರೆ ಸಿಪ್ಪೆಯಿಂದ ಸ್ವಲ್ಪ ಒಳಗಿರೋ ಉಂಗುರದಲ್ಲಿ ಹಾಲಿನಂಥ ಅಂಟು ತೊಟ್ಟಿಕ್ಕಿದ್ರೆ, ಕೀಳೋವಾಗ ಕಣ್ಣುಗಳ ಹತ್ರ ಮಣ್ಣು ಮೆತ್ಕೊಂಡಿದ್ರೆ ರಾಲ್ಸ್ಟೋನಿಯಾ. ತಿರುಳು ಬೆಣ್ಣೆಯಾಗಿ, ಕೆಟ್ಟಿದ್ದಕ್ಕೂ ಚೆನ್ನಾಗಿರೋದಕ್ಕೂ ಮಧ್ಯೆ ಕಪ್ಪು ಗೆರೆ ಎಳೆದಂಗಿದ್ರೆ ಮೆತ್ತನೆ ಕೊಳೆ. ಮುಖ್ಯವಾದ್ದು ಏನಂದ್ರೆ ಪೂರ್ತಿ ಕೊಳೆತಿರೋ ಗಡ್ಡೆನ ನೋಡಿ ತೀರ್ಮಾನ ಮಾಡ್ಬೇಡಿ, ಅದರಲ್ಲಿ ಸಾಕ್ಷಿ ಎಲ್ಲ ಕರಗಿ ಹೋಗಿರುತ್ತೆ. ಅದರ ಪಕ್ಕದಲ್ಲಿರೋ ಈಗಷ್ಟೇ ಶುರುವಾಗಿರೋ ನಾಲ್ಕೈದು ಗಡ್ಡೆ ಕುಯ್ಯಿರಿ. ಒಂದು ಅಂಚಲ್ಲಿ ತುಕ್ಕಿನ ಬಣ್ಣ ಇದ್ದು ಇನ್ನೊಂದು ಕಡೆ ಲೊಳ ಆಗಿದ್ರೆ ಅಂಗಮಾರಿ ಮೊದಲು ಬಂದಿದ್ದು. ಬಿಳೀ ಬೂಷ್ಟಿನ ಟೊಳ್ಳು ಸಿಕ್ಕಿದ್ರೆ ಫ್ಯುಸೇರಿಯಂ ಮೊದಲು. ಎರಡೂ ಇಲ್ಲ, ಸಿಪ್ಪೆ ಮೇಲೆ ಬಿಳೀ ಗುಳ್ಳೆ ಥರ ಉಬ್ಬಿರೋ ರಂಧ್ರಗಳಿಂದಲೇ ಕೊಳೆ ಶುರುವಾಗಿದೆ ಅಂದ್ರೆ ಯಾರೂ ಬಾಗಿಲು ಒಡೆದಿಲ್ಲ, ನೀರು ನಿಂತಿದ್ದಕ್ಕೆ ಬಾಗಿಲು ತಾನಾಗೇ ತೆಗೆದುಕೊಂಡಿದೆ.

ಇವೆಲ್ಲ ಒಳಗೊಳಗೇ ಹೆಂಗೆ ಕೈ ಜೋಡಿಸ್ತಾವೆ

ಪೆಕ್ಟೋಬ್ಯಾಕ್ಟೀರಿಯಂಗೆ ಚೆನ್ನಾಗಿರೋ ಸಿಪ್ಪೆ ತೂತು ಮಾಡೋ ತಾಕತ್ತಿಲ್ಲ. ಗಾಯ ಬೇಕು, ಇಲ್ಲಾ ಸಿಪ್ಪೆಯ ಉಸಿರಾಟದ ರಂಧ್ರ ಬಾಯಿ ಬಿಟ್ಟಿರಬೇಕು. ಫೈಟಾಫ್ತೊರಾನೋ ಫ್ಯುಸೇರಿಯಮ್ಮೋ ತಿರುಳನ್ನ ಸಾಯಿಸಿ ದಾರಿ ಮಾಡಿಕೊಟ್ರೆ ಒಳಗೆ ಹೋಗುತ್ತೆ. ಹೋದ ತಕ್ಷಣ ಗಲಾಟೆ ಮಾಡಲ್ಲ, ಇದು ನನಗೆ ತುಂಬ ಆಶ್ಚರ್ಯ ಅನ್ನಿಸಿದ ವಿಷಯ. ಕಡಿಮೆ ಜನ ಇರೋವರೆಗೂ ಸುಮ್ನೆ ಇರ್ತಾವೆ, ತಮ್ಮ ತಮ್ಮಲ್ಲೇ ಒಂದು ರಾಸಾಯನಿಕ ಬಿಟ್ಕೊಂಡು ಎಷ್ಟು ಜನ ಸೇರಿದ್ದೀವಿ ಅಂತ ಲೆಕ್ಕ ಹಾಕ್ತಾವೆ, ಸಂಖ್ಯೆ ಸಾಕಷ್ಟಾಯ್ತು ಅಂದಾಗ ಎಲ್ಲ ಒಟ್ಟಿಗೇ ಕಿಣ್ವ ಸುರಿದು ಜೀವಕೋಶಗಳನ್ನ ಅಂಟಿಸಿರೋ ಪೆಕ್ಟಿನ್ ಅನ್ನೋ ಗಾರೆ ಕರಗಿಸಿಬಿಡ್ತಾವೆ. ಗೋಡೆ ಉದುರಿದಂಗೆ ಗಡ್ಡೆ ನೀರಾಗೋದು ಅದಕ್ಕೇ. ನಿನ್ನೆ ನೆಟ್ಟಗಿದ್ದ ರಾಶಿ ಇವತ್ತು ಹೋಯ್ತು ಅಂತೀವಲ್ಲ, ಹೋಗಿದ್ದು ಇವತ್ತಲ್ಲ, ಒಂದು ವಾರದಿಂದ ಒಳಗೆ ಸಭೆ ನಡೀತಿತ್ತು.

ಇದಕ್ಕೆಲ್ಲ ನೀರು ಸಾಥ್ ಕೊಡುತ್ತೆ. ಗಡ್ಡೆಗೂ ಉಸಿರಾಡೋಕೆ ಗಾಳಿ ಬೇಕು. ಸಿಪ್ಪೆ ಮೇಲೆ ತೆಳ್ಳಗೆ ನೀರಿನ ಪದರ ಕೂತ್ರೂ ಸಾಕು, ಒಳಗೆ ಆಮ್ಲಜನಕ ಕಮ್ಮಿಯಾಗಿ ಗಡ್ಡೆ ತನ್ನ ಗಾಯ ತಾನೇ ವಾಸಿ ಮಾಡ್ಕೊಳ್ಳೋ ಶಕ್ತಿ ಕಳ್ಕೊಳ್ಳುತ್ತೆ, ಆದ್ರೆ ಪೆಕ್ಟೋಬ್ಯಾಕ್ಟೀರಿಯಂ ಗಾಳಿ ಇಲ್ಲದೇನೂ ಬದುಕುತ್ತೆ. ನಾವು ರಾಶಿ ಮೇಲೆ ಔಷಧಿ ನೀರು ಚಿಮುಕಿಸಿದಾಗ ಆಗಿದ್ದು ಇದೇ.

1845ರಲ್ಲಿ ಐರ್ಲೆಂಡಲ್ಲಿ ಬರಗಾಲ ತಂದು ಸುಮಾರು 10 ಲಕ್ಷ ಜನರ ಸಾವಿಗೆ ಕಾರಣ ಆಗಿದ್ದು ಇದೇ ಕೊನೆ ಅಂಗಮಾರಿ. ಆಗ ಗುಂಡಿಯಲ್ಲಿ ಮುಚ್ಚಿಟ್ಟ ಗಡ್ಡೆ ಕರಗಿ ಊರೆಲ್ಲ ನಾರ್ತಿತ್ತು ಅಂತ ಓದ್ತೀವಿ, ಆ ನಾತ ಮಾತ್ರ ಫೈಟಾಫ್ತೊರಾದ್ದಲ್ಲ, ಅದರ ಹಿಂದೆ ನುಗ್ಗಿದ ದುಂಡಾಣುಗಳದ್ದು. ಬರೀ ಅಂಗಮಾರಿ ಆದ್ರೆ ಗಡ್ಡೆ ನಾರಲ್ಲ.

ಮಣ್ಣೊಳಗೆ ಇನ್ನೂ ಮಜಾ ಇದೆ. ದುಂಡಾಣು ಒಣ ಮಣ್ಣಲ್ಲಿ ದೂರ ಹೋಗೋಕಾಗಲ್ಲ, ಅದಕ್ಕೆ ಶಿಲೀಂಧ್ರದ ಎಳೆಗಳ ಮೇಲಿರೋ ನೀರಿನ ಪದರದಲ್ಲೇ ರಸ್ತೆ ಮಾಡ್ಕೊಂಡು ಓಡಾಡುತ್ತೆ. ರಾಲ್ಸ್ಟೋನಿಯಾ ಅಂತೂ ಇನ್ನೂ ಖದೀಮ, ರಾಲ್ಸೋಲಮೈಸಿನ್ ಅನ್ನೋ ಪದಾರ್ಥ ಬಿಟ್ಟು ಶಿಲೀಂಧ್ರನ ಹೆದರಿಸಿ ದಪ್ಪ ಗೋಡೆಯ ಬೀಜಾಣು ಕಟ್ಟೋ ಹಾಗೆ ಮಾಡಿ, ಆಮೇಲೆ ಅದರ ಒಳಗೇ ಹೋಗಿ ಸೇರ್ಕೊಳ್ಳುತ್ತೆ ಅಂತ ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಇನ್ನು ಬೇರುಗಂಟು ಜಂತುಹುಳ ಇರೋ ಹೊಲ ಆದ್ರೆ ಕೇಳೋದೇ ಬೇಡ, ಅದು ಬೇರಿಗೆ ಚುಚ್ಚಿದ ಪ್ರತಿ ತೂತೂ ರಾಲ್ಸ್ಟೋನಿಯಾಗೂ ಫ್ಯುಸೇರಿಯಮ್ಮಿಗೂ ಬಾಗಿಲೇ. ಸತ್ತ ಗಿಡ ಕಿತ್ತಾಗ ಬೇರಲ್ಲಿ ಗಂಟು ಗಂಟಾಗಿದ್ಯಾ ಅಂತಲೂ ನೋಡಿ.

ಬಿತ್ತನೆ ಗಡ್ಡೆ ಹತ್ರಾನೇ ಅರ್ಧ ಯುದ್ಧ

ನಮ್ಮ ಜಿಲ್ಲೆಗೆ ಬಿತ್ತನೆ ಗಡ್ಡೆ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಲಾರೀಲಿ ಬರೋದು, ಮೇ ತಿಂಗಳಲ್ಲಿ ಎಪಿಎಂಸಿಲಿ ಚೀಲ ಇಳಿಯುತ್ತೆ, ಮಳೆ ಎರಡು ಬಿದ್ದಿದ್ದೇ ತಡ ಎಲ್ಲರಿಗೂ ಅವಸರ. ಯೋಚ್ನೆ ಮಾಡಿ, ಆ ಗಡ್ಡೆ 2ರಿಂದ 4 ಡಿಗ್ರಿ ಕೋಲ್ಡ್ ಸ್ಟೋರೇಜಲ್ಲಿದ್ದು ಆಚೆ ಬೇಸಿಗೆ ಬಿಸಿಗೆ ಬಂದಾಗ ಫ್ರಿಜ್ಜಿಂದ ತೆಗೆದ ಬಾಟ್ಲಿ ಥರ ಮೈಯೆಲ್ಲ ಬೆವರುತ್ತೆ. ಮೇಲೆ ಹೇಳಿದ ನೀರಿನ ಪದರ ಅದೇ. ಅದರ ಮೇಲೆ ಚೀಲದಲ್ಲಿ ಒತ್ತೊತ್ತಾಗಿ ಲಾರಿ ಪ್ರಯಾಣ. ಆದ್ದರಿಂದ ಚೀಲ ಮನೆಗೆ ತಂದ ದಿನವೇ ಬಿಚ್ಚಿ, ಗಾಳಿ ಆಡೋ ನೆರಳಲ್ಲಿ ತೆಳ್ಳಗೆ ಹರಡಿ, ಒಂದು ವಾರ ಹತ್ತು ದಿನ ಬಿಡಿ. ಕೆಟ್ಟಿರೋದು ತಾನಾಗೇ ಗೊತ್ತಾಗುತ್ತೆ, ಒಳ್ಳೇದು ಮೊಳಕೆ ಒಡಿಯುತ್ತೆ. ಕೊಳ್ಳೋವಾಗಲೂ ಮಾರೋನ ಮುಂದೇನೇ ಚೀಲದ ತಳದಿಂದ ಹತ್ತು ಗಡ್ಡೆ ತೆಗೆದು ಕುಯ್ದು ನೋಡಿ, ಮುಖ ಸಿಂಡರಿಸ್ಕೊಂಡ್ರೆ ಸಿಂಡರಿಸ್ಕೊಳ್ಳಲಿ.

ಕುಯ್ದು ಬಿತ್ತೋದು ನಮ್ಮ ಅಭ್ಯಾಸ, ಗಡ್ಡೆ ರೇಟ್ ನೋಡಿದ್ರೆ ಬೇರೆ ದಾರಿನೂ ಇಲ್ಲ. ಸಣ್ಣ ಗಡ್ಡೆ ಇಡಿಯಾಗಿ ಸಿಕ್ಕಿದ್ರೆ ಅದೇ ಒಳ್ಳೇದು. ಕುಯ್ಯಲೇಬೇಕು ಅಂದ್ರೆ 30ರಿಂದ 40 ಗ್ರಾಂ ತೂಕ, ಕನಿಷ್ಠ ಎರಡು ಕಣ್ಣು ಇರೋ ಹಾಗೆ ಕುಯ್ಯಿರಿ. ಈಳಿಗೆ ಮಣೆ ಮೇಲೆ ಕೂತು ಇಬ್ಬರು ಮೂವರು ಹೆಂಗಸರು ಒಂದೇ ಸಮ ಕುಯ್ತಾ ಹೋಗ್ತಾರೆ, ಎಷ್ಟು ಬೇಗ ಅಂದ್ರೆ ನೋಡೋಕೇ ಚೆಂದ, ಆದ್ರೆ ರಾಲ್ಸ್ಟೋನಿಯಾ ಇರೋ ಒಂದು ಗಡ್ಡೆ ಆ ಈಳಿಗೆ ಮುಟ್ತು ಅಂದ್ರೆ ಅಲ್ಲಿಂದ ಮುಂದೆ ಕುಯ್ದಿದ್ದಕ್ಕೆಲ್ಲ ಅಂಟ್ಕೊಂಡೇ ಹೋಗುತ್ತೆ, ಹೊರಗೆ ಏನೂ ಕಾಣಲ್ಲ, ಒಂದೂವರೆ ತಿಂಗಳಾದ ಮೇಲೆ ಹೊಲದಲ್ಲಿ ಗೊತ್ತಾಗೋದು. ನಾವೀಗ ಈಳಿಗೆ ಬಿಟ್ಟು ಪ್ರತಿಯೊಬ್ಬರಿಗೂ ಎರಡೆರಡು ಚಾಕು ಕೊಡ್ತೀವಿ, ಒಂದು ಕೈಯಲ್ಲಿ, ಒಂದು ಬ್ಲೀಚಿಂಗ್ ನೀರಿನ ಬಟ್ಟಲಲ್ಲಿ, ನಾಲ್ಕೈದು ಗಡ್ಡೆಗೊಂದು ಸಲ ಬದಲಾಯಿಸ್ಬೇಕು. ಒಳಗೆ ಉಂಗುರ ಕಂದಾಗಿರೋ ಗಡ್ಡೆ ಸಿಕ್ಕಿದ್ರೆ ಗಡ್ಡೆ ಆಚೆ, ಚಾಕು ತಕ್ಷಣ ಬಟ್ಟಲಿಗೆ. ಮೊದಲ ದಿನ ಎಲ್ಲ ನಕ್ರು. ಕೆಲಸ ಸ್ವಲ್ಪ ನಿಧಾನ ಆಗೋದೂ ನಿಜ.

ಕುಯ್ದಿದ್ದನ್ನ ಅವತ್ತೇ ಬಿತ್ತಬೇಡಿ. ನೆರಳಲ್ಲಿ ಹರಡಿ ಮೇಲೆ ಗೋಣಿತಾಟು ಹೊದಿಸಿ, ಗೋಣಿ ತೇವ ಇರಲಿ ನೀರು ತೊಟ್ಟಿಕ್ಕಬಾರದು, ಮೂರು ನಾಲ್ಕು ದಿನ ಬಿಟ್ರೆ ಕುಯ್ದ ಮುಖದ ಮೇಲೆ ಗಟ್ಟಿ ಪೊರೆ ಕಟ್ಟುತ್ತೆ. ಉಗುರಲ್ಲಿ ಕೆರೆದ್ರೆ ಸಿಪ್ಪೆ ಥರ ಏಳುತ್ತೆ, ಆಗ ಸರಿಯಾಗಿದೆ ಅಂತ ಅರ್ಥ. ಫ್ಯುಸೇರಿಯಮ್ಮಿಗೂ ಪೆಕ್ಟೋಬ್ಯಾಕ್ಟೀರಿಯಮ್ಮಿಗೂ ಒಟ್ಟಿಗೆ ಬಾಗಿಲು ಹಾಕೋ ಬೀಗ ಇದೊಂದೇ, ಕಾಸೂ ಖರ್ಚಿಲ್ಲ. ಮ್ಯಾಂಕೋಜೆಬ್ ಅನ್ನೋ ಬೂಷ್ಟಿನ ಔಷಧಿ ನೀರಲ್ಲಿ ಅದ್ದೋರು ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಹತ್ತು ನಿಮಿಷ ಅದ್ದಿ, ಪೂರ್ತಿ ಆರಿಸಿ. ಆದ್ರೆ ಅದು ಬೂಷ್ಟಿನ ಥರದವಕ್ಕೆ ಮಾತ್ರ, ದುಂಡಾಣುಗೆ ಏನೂ ಆಗಲ್ಲ. ನೂರಾರು ಗಡ್ಡೆ ಅದ್ದಿದ ಹಳೇ ನೀರಲ್ಲೇ ಮತ್ತೆ ಮತ್ತೆ ಅದ್ದಿದ್ರೆ ದುಂಡಾಣುನ ನೀವೇ ಕೈಯಾರೆ ಹಂಚಿದಂಗೆ. ನೀರು ಕೆಂಪಗಾದ ತಕ್ಷಣ ಚೆಲ್ಲಿ ಹೊಸದು ಮಾಡ್ಕೊಳ್ಳಿ.

ತಳಿ ಬಗ್ಗೆ ಒಂದು ಮಾತು. ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆ ಆಗಿದ್ದು, ಆಗ ಅಂಗಮಾರಿ ತಡ್ಕೊಳ್ಳುತ್ತೆ ಅಂತಲೇ ಹೆಸರು ಮಾಡಿತ್ತು, ಈಗ ಆ ಗುಣ ಸವೆದು ಹೋಗಿದೆ. ಹಿಮಾಲಿನಿ ಅದಕ್ಕಿಂತ ಚೆನ್ನಾಗಿ ತಡ್ಕೊಳ್ಳುತ್ತೆ. ಕುಡಿ ತುಂಡು ಬೇರು ಬರಿಸಿ ನರ್ಸರೀಲಿ ಮಾಡಿದ ಆಲೂ ಸಸಿಗಳೂ ನಮ್ಮ ಕಡೆ ಈಗ ಸಿಗ್ತಿವೆ, ಟಿಶ್ಯೂ ಕಲ್ಚರ್ ಗಿಡದಿಂದ ಬಂದಿದ್ದಾದ್ರೆ ಗಡ್ಡೆ ಜೊತೆ ಬರೋ ರೋಗ ಅದರಲ್ಲಿರಲ್ಲ. ಸ್ವಲ್ಪ ಜಾಗದಲ್ಲಿ ನೆಟ್ಟು ಮುಂದಿನ ವರ್ಷದ ಬಿತ್ತನೆ ನೀವೇ ಮಾಡ್ಕೊಳ್ಳೋಕೆ ಒಳ್ಳೇ ದಾರಿ.

ನಮ್ಮ ಕಡೆಯ ಬೂಷ್ಟು, ನಮ್ಮ ಕಡೆಯ ದುಂಡಾಣು

ಎಲ್ಲ ಶಿಲೀಂಧ್ರನೂ ಶತ್ರು ಅಲ್ಲ. ಟ್ರೈಕೋಡರ್ಮಾ ಅನ್ನೋ ಹಸಿರು ಬೂಷ್ಟು ರೈಜೋಕ್ಟೋನಿಯಾ ಎಳೆಗೆ ಬಳ್ಳಿ ಥರ ಸುತ್ಕೊಂಡು ಅದರ ಗೋಡೆ ಕರಗಿಸಿ ತಿನ್ನುತ್ತೆ. ಸ್ಯೂಡೋಮೊನಾಸ್ ಅನ್ನೋ ದುಂಡಾಣು ಬೇರಿನ ಸುತ್ತ ಇರೋ ಕಬ್ಬಿಣದ ಅಂಶನೆಲ್ಲ ತಾನೇ ಬಾಚ್ಕೊಂಡು ರೋಗಾಣುಗಳಿಗೆ ಉಪವಾಸ ಹಾಕುತ್ತೆ. ಬಿತ್ತೋಕೆ ಎರಡು ವಾರ ಮುಂಚೆ 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮಾ ಕಲಸಿ, ಸ್ವಲ್ಪ ಬೇವಿನ ಹಿಂಡಿ ಸೇರಿಸಿ, ಮರದ ನೆರಳಲ್ಲಿ ಗುಡ್ಡೆ ಹಾಕಿ ಗೋಣಿ ಮುಚ್ಚಿ. ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ಆಗ್ಬೇಕು, ನೀರು ಸೋರಬಾರದು, ಅಷ್ಟು ತೇವ. ನಾಲ್ಕು ದಿನಕ್ಕೊಂದು ಸಲ ತಿರುವಿ. ಗುಡ್ಡೆ ಬಿಸಿಯಾಗ್ತಿದ್ರೆ ಗೊಬ್ಬರ ಇನ್ನೂ ಕಳಿತಿಲ್ಲ ಅಂತ, ಆ ಬಿಸಿಗೆ ಟ್ರೈಕೋಡರ್ಮಾ ಸತ್ತು ಹೋಗುತ್ತೆ.

ಇಲ್ಲಿ ಎಲ್ಲರೂ ಮಾಡೋ ತಪ್ಪು ಹೇಳ್ತೀನಿ. ಗಡ್ಡೆನ ಕಾರ್ಬೆಂಡಜಿಮ್ಮಲ್ಲಿ ಅದ್ದಿ, ಅದೇ ಸಾಲಿಗೆ ಟ್ರೈಕೋಡರ್ಮಾ ಹಾಕೋದು. ಕಾರ್ಬೆಂಡಜಿಮ್ಮಿಗೆ ಟ್ರೈಕೋಡರ್ಮಾನೂ ಒಂದು ಬೂಷ್ಟು ಅಷ್ಟೇ, ಗುರುತು ಹಿಡಿಯಲ್ಲ, ಸಾಯಿಸುತ್ತೆ. ಹಾಗೇ ಸ್ಯೂಡೋಮೊನಾಸ್ ಹಾಕಿ ಹಿಂದೇನೇ ದುಂಡಾಣು ಕೊಲ್ಲೋ ಔಷಧಿ ಹೊಡೆದ್ರೆ ಅದೂ ಹೋಯ್ತು. ಇನ್ನೊಂದು ಸೂಕ್ಷ್ಮ, ಕೆಲವು ಸ್ಯೂಡೋಮೊನಾಸ್ ಬಿಡೋ ವಿಷ ಟ್ರೈಕೋಡರ್ಮಾಗೂ ಆಗಲ್ಲ, ಹಾಗಾಗಿ ಸಿಕ್ಕ ಸಿಕ್ಕ ಎರಡು ಪ್ಯಾಕೆಟ್ ಒಂದೇ ಬಕೆಟ್ಟಲ್ಲಿ ಕಲಸೋ ಬದಲು ಒಂದನ್ನ ಗೊಬ್ಬರಕ್ಕೆ, ಇನ್ನೊಂದನ್ನ ಗಡ್ಡೆಗೆ ಅಂತ ಬೇರೆ ಬೇರೆ ಕೊಡಿ. ಪ್ಯಾಕೆಟ್ ಮೇಲೆ ತಯಾರಾದ ತಾರೀಖು ನೋಡಿ, ಬಿಸಿಲಲ್ಲಿ ಅಂಗಡಿ ಮುಂದೆ ಪೇರಿಸಿಟ್ಟಿದ್ದನ್ನ ತರ್ಬೇಡಿ, ಅದರಲ್ಲಿರೋದು ಜೀವ.

ಸೊರಗು ರೋಗದ ಹಳೇ ಇತಿಹಾಸ ಇರೋ ಹೊಲಕ್ಕೆ ಬಿತ್ತೋವಾಗ ಸಾಲಲ್ಲಿ ಬ್ಲೀಚಿಂಗ್ ಪೌಡರ್ ಹಾಕೋ ಶಿಫಾರಸು ಇದೆ, ಹೆಕ್ಟೇರಿಗೆ 12 ಕೆಜಿ, ಅಂದ್ರೆ ಎಕರೆಗೆ ಹತ್ತತ್ರ 5 ಕೆಜಿ. ಅದನ್ನ ಹಾಕಿದ್ರೆ ಟ್ರೈಕೋಡರ್ಮಾ ಗೊಬ್ಬರ ಅವತ್ತು ಬೇಡ, ಮಣ್ಣು ಏರಿಸೋ ಹೊತ್ತಿಗೆ ಕೊಡಿ.

ಬೆಳೆ ನಿಂತಿರೋವಾಗ

ಆರಿದ್ರ, ಪುನರ್ವಸು ಮಳೆ ಹೊತ್ತಿಗೆ ಗಿಡ ಸಾಲು ಮುಚ್ಚುತ್ತೆ, ಅಲ್ಲಿಂದ ನಿಮ್ಮ ಕಣ್ಣು ಆಕಾಶದ ಮೇಲಿರಲಿ. 10ರಿಂದ 25 ಡಿಗ್ರಿ ತಂಪು, ಬಿಡದ ಸೋನೆ, ಎಲೆ ಆರದೇ ಇರೋದು, ಇಷ್ಟು ಸೇರಿದ್ರೆ ಕೊನೆ ಅಂಗಮಾರಿಗೆ ಬೇರೇನೂ ಬೇಡ. ಮಚ್ಚೆ ಕಾಣೋಕೆ ಮುಂಚೆನೇ ಮ್ಯಾಂಕೋಜೆಬ್ ಲೀಟರಿಗೆ 2.5 ಗ್ರಾಂ, ಅಂದ್ರೆ 16 ಲೀಟರ್ ಕ್ಯಾನಿಗೆ 40 ಗ್ರಾಂ, ಎಲೆ ಕೆಳಗೂ ತಾಗೋ ಹಾಗೆ. ಇದು ಎಲೆ ಮೇಲಿನ ಹೊದಿಕೆ ಅಷ್ಟೇ, ಒಳಗೆ ಹೋದ ರೋಗಕ್ಕೆ ಉಪಯೋಗ ಇಲ್ಲ. ಮಚ್ಚೆ ಕಂಡ ಮೇಲೆ ಸೈಮಾಕ್ಸನಿಲ್ ಜೊತೆ ಮ್ಯಾಂಕೋಜೆಬ್ ಇರೋದು ಲೀಟರಿಗೆ 3 ಗ್ರಾಂ, ಮುಂದಿನ ಸಲ ಡೈಮೆಥೊಮಾರ್ಫ್ 1 ಗ್ರಾಂ ಜೊತೆ ಮ್ಯಾಂಕೋಜೆಬ್ 2 ಗ್ರಾಂ, ಹೀಗೆ ಏಳರಿಂದ ಹತ್ತು ದಿನಕ್ಕೆ ಬದಲಾಯಿಸ್ತಾ ಹೋಗಿ, ಲೇಬಲ್ ಓದಿ. ಮೆಟಲಾಕ್ಸಿಲ್ ನಂಬ್ಕೊಂಡು ಮೂರ್ಮೂರು ಸಲ ಹೊಡೆಯೋರಿದ್ದಾರೆ, ದಕ್ಷಿಣ ಭಾರತದಲ್ಲಿ ಹರಡಿರೋ 13_ಎ2 ಅನ್ನೋ ಅಂಗಮಾರಿ ತಳಿಗೆ ಅದು ನಾಟಲ್ಲ.

ಯೂರಿಯಾ ಜಾಸ್ತಿ ಸುರಿದು ಗಿಡ ಸೊಂಪಾಗಿಸಿದ್ರೆ ಒಳಗೆ ಗಾಳಿ ಆಡಲ್ಲ, ಅದೂ ಅಂಗಮಾರಿಗೆ ಅನುಕೂಲ. ಬಿತ್ತಿ ತಿಂಗಳಿಗೆ ಸರಿಯಾಗಿ ಮಣ್ಣು ಏರಿಸಿ, ದಪ್ಪಗೆ ಏರಿಸಿ. ಎಲೆ ಮೇಲಿನ ಬೀಜಾಣು ಮಳೆ ನೀರಲ್ಲಿ ಇಳಿದು ಗಡ್ಡೆ ಮುಟ್ಟದಂಗೆ ತಡೆಯೋದು ಆ ಮಣ್ಣೇ. ನಾನು ಮೊದಲು ಹೇಳಿದ ವರ್ಷ ನಾವು ಎಡವಿದ್ದು ಇಲ್ಲೇ, ಮಳೆ ಬಿಡ್ಲಿಲ್ಲ ಅಂತ ಎರಡನೇ ಸಲ ಮಣ್ಣು ಏರಿಸ್ಲಿಲ್ಲ, ಗಡ್ಡೆ ಮಣ್ಣಿಂದ ಮೇಲೆ ಕಾಣ್ತಿದ್ವು.

ಸೊರಗಿದ ಗಿಡ ಲೋಟದ ಪರೀಕ್ಷೆಯಲ್ಲಿ ದಾರ ಬಿಡ್ತು ಅಂದ್ರೆ ಸ್ಪ್ರೇ ದುಡ್ಡು ಉಳಿಸ್ಕೊಳ್ಳಿ. ರಾಲ್ಸ್ಟೋನಿಯಾ ಗಿಡದ ನೀರಿನ ಕೊಳವೆ ಒಳಗೆ ಕೂತಿರುತ್ತೆ, ಎಲೆ ಮೇಲೆ ಹೊಡೆದ ಆಂಟಿಬಯೋಟಿಕ್ ಅಲ್ಲಿಗೆ ಹೋಗಲ್ಲ. ಗಿಡನ ಗಡ್ಡೆ, ಬೇರಿನ ಮಣ್ಣು ಸಮೇತ ಚೀಲಕ್ಕೆ ಹಾಕಿ ಎತ್ಕೊಂಡು ಬನ್ನಿ, ಎಳ್ಕೊಂಡು ಬರಬೇಡಿ. ಆ ಗುಂಡಿಗೆ ಬ್ಲೀಚಿಂಗ್ ಪುಡಿ. ಆ ಸಾಲಿನ ನೀರು ಮುಂದಿನ ಸಾಲಿಗೆ ಹರಿಯದಂಗೆ ಅಡ್ಡ ಕಟ್ಟಿ, ಗುದ್ದಲಿ ತೊಳೆದು ಮುಂದೆ ಹೋಗಿ. ಕಳೆ ಕೀಳೋರು ರೋಗ ಇರೋ ಕಡೆ ಕೊನೇಲಿ ಹೋಗಲಿ.

ಕೀಳೋದು, ಇಡೋದು

ಕೀಳೋಕೆ 10ರಿಂದ 15 ದಿನ ಮುಂಚೆ ಸೊಪ್ಪು ಕುಯ್ದು ಹೊಲದಿಂದ ಆಚೆ ಹಾಕಿ. ಸಿಪ್ಪೆ ಬಲಿಯುತ್ತೆ, ಸೊಪ್ಪಲ್ಲಿರೋ ಅಂಗಮಾರಿ ಕೀಳೋವಾಗ ಗಡ್ಡೆಗೆ ಮೆತ್ಕೊಳ್ಳಲ್ಲ. ಹೆಬ್ಬೆರಳಲ್ಲಿ ಉಜ್ಜಿದ್ರೆ ಸಿಪ್ಪೆ ಜಾರಬಾರದು, ಜಾರಿದ್ರೆ ಇನ್ನೂ ನಾಲ್ಕು ದಿನ ಬಿಡಿ. ನೆಲ ಹಸಿ ಇದ್ದಾಗ ಕೀಳಬೇಡಿ ಅಂತ ಹೇಳೋದು ಸುಲಭ, ಆಗಸ್ಟಲ್ಲಿ ಹಾಸನದಲ್ಲಿ ನೆಲ ಒಣಗೋದು ಯಾವಾಗ ಅಂತ ನೀವು ಕೇಳ್ತೀರಾ, ಗೊತ್ತು. ಎರಡು ದಿನ ಹೊಳವಾದ್ರೆ ಸಾಕು, ಆ ಎರಡು ದಿನಕ್ಕೆ ಆಳು ಹೇಳಿಟ್ಕೊಂಡಿರಿ.

ಗಡ್ಡೆ ಎಸೀಬೇಡಿ, ತೊಳೀಬೇಡಿ. ಬುಟ್ಟಿಗೆ ಎಸೆದಾಗ ಆಗೋ ಪ್ರತಿ ಪೆಟ್ಟೂ ಫ್ಯುಸೇರಿಯಮ್ಮಿಗೆ ಕರೆಯೋಲೆ. ಹೊಲದಲ್ಲೇ ಗುದ್ದಲಿ ತಾಗಿದ್ದು, ಮಚ್ಚೆ ಇರೋದು, ಹಸಿರಾಗಿರೋದು ಬೇರೆ ಮಾಡಿ. ನೆರಳಲ್ಲಿ ಮೊಣಕಾಲಿಗಿಂತ ಎತ್ತರ ಇಲ್ಲದಂಗೆ ರಾಶಿ ಹಾಕಿ, ತಳಕ್ಕೆ ಒಣ ಹುಲ್ಲು, ಹತ್ತು ಹದಿನೈದು ದಿನ ಗಾಳಿ ಆಡಲಿ. ಪ್ಲಾಸ್ಟಿಕ್ ಟಾರ್ಪಾಲ್ ಮೈಗೆ ಅಂಟೋ ಹಾಗೆ ಹೊದಿಸಬೇಡಿ, ಒಳಗೆ ಬೆವರುತ್ತೆ. ದಿನಾ ಬೆಳಿಗ್ಗೆ ರಾಶಿಗೆ ಕೈ ಹಾಕಿ ನೋಡಿ, ಒಳಗೆ ಬೆಚ್ಚಗೆ ಅನ್ನಿಸಿದ ಜಾಗದಲ್ಲಿ ಕೊಳೆ ಶುರುವಾಗಿದೆ, ಅಷ್ಟೂ ಗಡ್ಡೆ ಅಕ್ಕಪಕ್ಕದ್ದು ಸೇರಿಸಿ ತೆಗೀರಿ. ಔಷಧಿ ಚಿಮುಕಿಸೋಕೆ ಮಾತ್ರ ಹೋಗ್ಬೇಡಿ ಮಾರಾಯ್ರೆ.

ಆಲೂ ಆದ ಮೇಲೆ ರಾಗಿ ಇಲ್ಲಾ ಜೋಳ ಹಾಕಿ. ಟೊಮೇಟೊ, ಬದನೆ, ಮೆಣಸಿನಕಾಯಿ, ಹೊಗೆಸೊಪ್ಪು ಎಲ್ಲ ರಾಲ್ಸ್ಟೋನಿಯಾಗೆ ಅತ್ತೆ ಮನೆ. ಶುಂಠಿಯಲ್ಲಿ ಹಸಿರು ಕೊಳೆ ಬಂದಿರೋ ಹೊಲಕ್ಕೂ ಆಲೂ ತರಬೇಡಿ, ಅದೂ ರಾಲ್ಸ್ಟೋನಿಯಾ ಗುಂಪಿಂದೇ. ರಾಗಿ ಮಧ್ಯೆ ತಾನಾಗೇ ಹುಟ್ಟೋ ಆಲೂ ಗಿಡ ಕಂಡ್ರೆ ಅಯ್ಯೋ ಪಾಪ ಇರ್ಲಿ ಅಂತ ಬಿಡ್ತೀವಲ್ಲ, ಬಿಟ್ರೆ ರೋಗಕ್ಕೆ ಮುಂದಿನ ವರ್ಷದವರೆಗೂ ಊಟ ಹಾಕಿದಂಗೆ.

ಕೊಳೆತ ಗಡ್ಡೆ ಎಲ್ಲಿಗೆ ಹಾಕೋದು ಅನ್ನೋದು ಉಳೀತು. ನಮ್ಮಪ್ಪ ಯಾವಾಗಲೂ ತಿಪ್ಪೆಗೇ ಹಾಕೋರು, "ಗೊಬ್ಬರ ಆಯ್ತದೆ ಬಿಡ್ಲಾ" ಅಂತ. ಮಾರನೇ ವರ್ಷ ಅದೇ ತಿಪ್ಪೆ ಗೊಬ್ಬರ ಅದೇ ಹೊಲಕ್ಕೆ ಹೋಗೋದು. ಈಗ ಹೊಲದಿಂದ ದೂರ, ಬಾವಿಗೂ ಕೆರೆ ಕಾಲುವೆಗೂ ನೀರು ಇಳಿಯದ ಕಡೆ ಸೊಂಟದಷ್ಟು ಆಳದ ಗುಂಡಿ ತೆಗೆಸಿ, ಕೊಳೆತಿದ್ದು ಹಾಕಿ, ಮೇಲೆ ಸುಣ್ಣ ಚೆಲ್ಲಿ ಎರಡಡಿ ಮಣ್ಣು ಮುಚ್ತೀವಿ. ಹೋದ ವರ್ಷ ಗುಂಡಿಗೆ ಬಿದ್ದಿದ್ದು ಎರಡು ಬುಟ್ಟಿ, ಅಪ್ಪ ಅದಕ್ಕೂ "ಇಷ್ಟಕ್ಕೆ ಗುಂಡಿ ತೋಡಿಸ್ಬೇಕಾ" ಅಂತ ಗೊಣಗಿದ್ರು, ಆದ್ರೆ ಬುಟ್ಟಿ ಹೊತ್ಕೊಂಡು ಹೋಗಿ ಸುರಿದು ಬಂದಿದ್ದು ಅವರೇ.